ಚೆಂಡು ನೋಡದವಳ ಪಂಚಾಯ್ತಿ

ಮಲೇಶಿಯಾದ ಬ್ರಿಕ್‌ಫೀಲ್ಡ್ಸ್‌ನ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಪರಿಚಯದವರ ಮಗಳೊಬ್ಬಳು ಸಿಕ್ಕಳು. ದಾವಣಗೆರೆ ಕಡೆಯವಳು, ಇಲ್ಲಿಯೇ ಓದು ಮುಗಿಸಿದ್ದಾಳೆ. "ಆಂಟಿ, ನಂಗೂ ಮಾಡರೇಟರ್ ಕೆಲ್ಸ ಸಿಕ್ತು. ಮುಂದಿನ ವಾರ ಜಾಯಿನಿಂಗ್. ಏನಾದ್ರೂ ಓದ್ಕೊಂಡು ಹೋಗ್ಬೇಕಾ?" ಎಂದಳು. "ಕಣ್ಣಿಗೆ ಹಾಕೋ ಡ್ರಾಪ್ಸ್ ತಗೊಂಡು ಹೋಗು" ಎಂದು ಹೇಳಿ ರೈಲು ಹತ್ತಿದೆ. ಹನ್ನೆರಡು ವರ್ಷ ಮಾಡಿದ ಕೆಲಸದ ಬಗ್ಗೆ ಇಷ್ಟೇ ಹೇಳಿದೆನಲ್ಲ ಎಂದು ಸುಬಾಂಗ್ ಜಯಾ ತಲುಪುವವರೆಗೂ ಮನಸ್ಸು ಚುಚ್ಚುತ್ತಿತ್ತು. ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಜುಬೇದಾ, ಹುಬ್ಬಳ್ಳಿಯವಳು. ಗಂಡ ಅನ್ವರ್ ಇಂಜಿನಿಯರ್. ಮನೆಯಲ್ಲಿ ಮಾತು ಉರ್ದು, ಸಿಟ್ಟು ಬಂದರೆ ಹುಬ್ಬಳ್ಳಿ ಕನ್ನಡ. ಮಕ್ಕಳು ದೊಡ್ಡವರಾಗಿ ಮನೆಯಲ್ಲಿ ಯಾರೂ ನನ್ನ ಮಾತು ಕೇಳದಂತಾದ ಮೇಲೆ, ಮಾತು ಕೇಳದವರನ್ನು ಅಂಕೆಯಲ್ಲಿಡುವ ಕೆಲಸವೇ ಸಿಕ್ಕಿತು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಒಂದು ಕಟ್ಟೆ ಮಾಡಿಕೊಂಡು ಹರಟುತ್ತಿದ್ದರು. ಆ ಕಟ್ಟೆಯ ಮೇಲೆ ಯಾರಾದರೂ ಎಲ್ಲೆ ಮೀರಿ ಬರೆದರೆ ಅಳಿಸಿಹಾಕುವುದು ನನ್ನ ಕೆಲಸ. ಅಲ್ಲಿ ಶನಿವಾರ ಸಂಜೆ ಆಟ ಶುರುವಾದರೆ ಇಲ್ಲಿ ಭಾನುವಾರ ಬೆಳಗ್ಗೆ ಎಂಟು ಗಂಟೆ. ಅವರ ಜಗಳಕ್ಕೆ ರಂಗೇರುವ ಹೊತ್ತಿಗೆ ನಾವು ತಿಂಡಿ ಮುಗಿಸಿ ಚುರುಕಾಗಿರುತ್ತಿದ್ದೆವು. ಸುಬಾಂಗ್ ಜಯಾದ ಒಂದು ಮಾಲಿನ ನಾಲ್ಕನೇ ಮಹಡಿಗೆ ಈ ಗುತ್ತಿಗೆ ಬಂದದ್ದು ಅದೇ ಕಾರಣಕ್ಕೆ. ನನಗೆ ಎರಡು ಸಲ ಬಡ್ತಿ ಬಂತು, ಎರಡು ಸಲವೂ ಕುರ್ಚಿ ಬದಲಾಯಿತು. ಅದರ ಬಗ್ಗೆ ಇಷ್ಟು ಸಾಕು.

ಆ ಫುಟ್‌ಬಾಲು ನಾವು ತಿಳಿದ ಫುಟ್‌ಬಾಲಲ್ಲ. ಚೆಂಡು ಉದ್ದುದ್ದ, ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕೆಲಸಕ್ಕೆ ಸೇರಿದಾಗ ನನಗೆ ಇದೂ ಗೊತ್ತಿರಲಿಲ್ಲ. ಸಂದರ್ಶನದಲ್ಲಿ ಕೇಳಲೂ ಇಲ್ಲ. ಇಂಗ್ಲಿಷ್ ಓದಲು ಬರುತ್ತದೆಯೇ, ಬೈಗುಳ ಓದಿದರೆ ಬೇಸರವಾಗುತ್ತದೆಯೇ ಎಂದಷ್ಟೇ ಕೇಳಿದರು. ಹುಬ್ಬಳ್ಳಿಯಲ್ಲಿ ನಮ್ಮ ಮನೆ ಬಸ್ ನಿಲ್ದಾಣದ ಹಿಂದೆ ಇತ್ತು ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಆಯ್ಕೆಯಾದೆ.

ಮೊದಲ ಭಾನುವಾರವೇ ಅನಾಹುತ. ತೆರೆಯ ಮೇಲೆ ಸಾಲು ಸಾಲಾಗಿ ಬರುತ್ತಿದ್ದದ್ದು ಇಂಥ ಬರಹ: "ಶುರುವಿನಲ್ಲೇ ಶಾಟ್‌ಗನ್ ತೆಗೀಬೇಕು", "ಎರಡು ಬಾಂಬ್ ಹಾಕಿದರೆ ಬುದ್ಧಿ ಬರುತ್ತದೆ", "ನಮ್ಮ ಹುಡುಗನನ್ನು ಕೊಲ್ಲಿಸುತ್ತಿದ್ದಾರೆ". ಕೈಪಿಡಿಯಲ್ಲಿ ಆಯುಧಗಳ ಬಗ್ಗೆ ಇಡೀ ಒಂದು ಅಧ್ಯಾಯವೇ ಇತ್ತು. ನಾನು ನಿಷ್ಠೆಯಿಂದ ಅಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಆ ಕಟ್ಟೆಯ ಮೇಲೆ ಉಳಿದದ್ದು ಹವಾಮಾನದ ಬಗ್ಗೆ ಒಂದು ಮಾತು, ಕೋಳಿ ರೆಕ್ಕೆ ಹುರಿಯುವುದರ ಬಗ್ಗೆ ಇನ್ನೊಂದು. ಶಾಟ್‌ಗನ್, ಬಾಂಬು ಎರಡನ್ನೂ ಒಟ್ಟಿಗೆ ಬರೆದವನನ್ನು ತುರ್ತು ಅಪಾಯದ ಪಟ್ಟಿಗೂ ಸೇರಿಸಿದೆ. ಅಮೆರಿಕದ ಕಚೇರಿಯಿಂದ ಅವನ ಮನೆಗೆ ಫೋನು ಹೋಯಿತು. ಫೋನೆತ್ತಿದವರು ಎಂಬತ್ತು ದಾಟಿದ, ನಿವೃತ್ತ ಹಲ್ಲಿನ ವೈದ್ಯರಂತೆ.

ನಮ್ಮ ಮೇಲಧಿಕಾರಿ ಮಿಸ್ಟರ್ ಲಿಮ್ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತಂದರೂ ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಬಿಡಲಾಗುವುದಿಲ್ಲ.

"ಜುಬೇದಾ, ಅದು ಬಂದೂಕಲ್ಲ ಲಾ. ನಿಂತ್ಕೊಳ್ಳೋ ರೀತಿ."

"ಬಾಂಬು?"

"ದೂರಕ್ಕೆ ಎಸೆಯೋದು."

"ಕೊಲ್ಲಿಸ್ತಿದ್ದಾರೆ ಅಂದ್ರೆ?"

ಲಿಮ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಅದು ಕೋಚಿನ ಬಗ್ಗೆ ಅಭಿಪ್ರಾಯ. ಅದನ್ನ ಬಿಡ್ಬೇಕು."

ನನಗೆ ಆಟ ಕಲಿಸುವ ಹೊಣೆ ಪಕ್ಕದ ಮೇಜಿನ ಸೆಲ್ವಿಯ ಮೇಲೆ ಬಿತ್ತು. ಕ್ಲಾಂಗ್ ಕಡೆಯ ತಮಿಳರ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅವಳ ತಮಿಳು, ನನ್ನ ಕನ್ನಡ, ನಡುವೆ ಇಂಗ್ಲಿಷು, ಹೀಗೆ ಹನ್ನೆರಡು ವರ್ಷ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡೆವು. ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಚಹಾ ಲೋಟಗಳನ್ನು ಸಾಲಾಗಿ ಜೋಡಿಸಿ ತೋರಿಸಿದಳು. "ಇವನು ಕ್ವಾರ್ಟರ್‌ಬ್ಯಾಕ್, ಅಕ್ಕಾ. ಚೆಂಡು ಇವನ ಕೈಗೆ ಬರತ್ತೆ. ಎದುರಿನವರು ಇವನನ್ನ ಕೆಡವೋಕೆ ಓಡಿ ಬರ್ತಾರೆ. ಮೂರು ಸೆಕೆಂಡಲ್ಲಿ ಯಾರಿಗೆ ಎಸೀಬೇಕು ಅಂತ ಇವನು ತೀರ್ಮಾನ ಮಾಡ್ಬೇಕು. ಯಾರು ಯಾವ ಕಡೆ ಓಡ್ಬೇಕು ಅಂತ ಕೋಚ್ ಮೊದ್ಲೇ ಬರೆದಿಟ್ಟಿರ್ತಾನೆ. ಅದಕ್ಕೆ ಅಫೆನ್ಸ್ ಅಂತಾರೆ." ಹೋಟೆಲಿನವನು ಬಂದು ಕ್ವಾರ್ಟರ್‌ಬ್ಯಾಕನ್ನು ತೊಳೆಯಲು ಎತ್ತಿಕೊಂಡು ಹೋದ. ಪಾಠ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಉಳಿದದ್ದನ್ನೆಲ್ಲ ಕಲಿತದ್ದು ಅಭಿಮಾನಿಗಳ ಬೈಗುಳದಿಂದ. ಪೂರ್ತಿ ಒಂದು ಆಟ ನೋಡಿದ್ದು ಮೂರನೇ ವರ್ಷ, ಅದೂ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ.

ಕೊನೆಯ ವರ್ಷಗಳಿಗೆ ಬರುತ್ತೇನೆ. ತಂಡಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್ ಬಂದ. ಹತ್ತೊಂಬತ್ತು ವರ್ಷದ ಹುಡುಗ, ಅಂಗಿಯ ಮೇಲೆ ಹನ್ನೊಂದನೇ ನಂಬರು. ಹೆಸರು ಹೇಳುವುದಿಲ್ಲ, ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಮೊದಲ ವರ್ಷ ಚೆನ್ನಾಗಿ ಆಡಿದ. ಎರಡನೇ ವರ್ಷ ಎಸೆದ ಚೆಂಡು ಎದುರಾಳಿಗಳ ಕೈಗೆ ಹೋಗತೊಡಗಿತು. ಅಲ್ಲಿಂದ ಶುರುವಾದ ವಾದವನ್ನು ನಮ್ಮ ಹಿರಿಯರು ಒಂದೇ ಗಾದೆಯಲ್ಲಿ ಹೇಳಿ ಮುಗಿಸಿದ್ದಾರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ಪಕ್ಷದವರು ಹುಡುಗನಿಗೆ ಕುಣಿಯಲು ಬರುವುದಿಲ್ಲ ಎಂದರು. ಇನ್ನೊಂದು ಪಕ್ಷದವರು ಅಫೆನ್ಸೇ ಸರಿಯಿಲ್ಲ, ನೆಲವೇ ಡೊಂಕು ಎಂದರು. ಈ ಒಂದು ಸಾಲಿನ ವಿಷಯದ ಮೇಲೆ ಅವರು ಬರೆದದ್ದನ್ನು ಅಚ್ಚು ಹಾಕಿಸಿದ್ದರೆ ನಮ್ಮ ಮಾಲಿನ ಕಾರು ನಿಲ್ಲಿಸುವ ಜಾಗ ತುಂಬುತ್ತಿತ್ತು.

ನೆಲ ಡೊಂಕು ಪಕ್ಷದ ಮುಖಂಡ 'ಹಳೇ ಬೆಂಚು'. ಕುಣಿತದ ಪಕ್ಷಕ್ಕೆ 'ಪ್ರೊಫೆಸರ್'. ಅವರವರೇ ಇಟ್ಟುಕೊಂಡ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದ್ದೇನೆ. ಹಳೇ ಬೆಂಚು ಮೂವತ್ತು ವರ್ಷದಿಂದ ಮೈದಾನದಲ್ಲಿ ಅದೇ ಜಾಗದಲ್ಲಿ ಕೂತು ಆಟ ನೋಡಿದವನು. ಹಾಗಾಗಿ ತಾನು ಅರ್ಧ ಕೋಚ್ ಎಂದು ತಿಳಿದಿದ್ದ. ಪ್ರೊಫೆಸರ್ ಯಾವ ಕಾಲೇಜಿನಲ್ಲೂ ಕಲಿಸುತ್ತಿರಲಿಲ್ಲ, ಹವಾನಿಯಂತ್ರಕ ಮಾರುತ್ತಿದ್ದ. ಹುಡುಗ ಎಡಗಡೆ ನೋಡಿ ಎಸೆದದ್ದೆಷ್ಟು, ಬಲಗಡೆ ಎಷ್ಟು, ಮಳೆಯಲ್ಲಿ ಎಷ್ಟು ಎಂದು ಕೋಷ್ಟಕ ಹಾಕುತ್ತಿದ್ದ. ಇಬ್ಬರೂ ಎರಡು ಮಾತಿಗೊಮ್ಮೆ 'ಬೆಳವಣಿಗೆ' ಎನ್ನುತ್ತಿದ್ದರು. ಹುಡುಗನ ಬೆಳವಣಿಗೆ ನಿಂತಿದೆ, ಹಿಂದಕ್ಕೆ ಹೋಗಿದೆ, ಇನ್ನೊಂದು ವರ್ಷ ಬೇಕು, ಇನ್ನು ಸಾಧ್ಯವಿಲ್ಲ. ಶುರುವಿನಲ್ಲಿ ನಾನು ತಾಯಿಯಂತೆ ಗಾಬರಿಯಾಗುತ್ತಿದ್ದೆ, ಮಗುವಿಗೆ ಏನೋ ಕಾಯಿಲೆ ಎಂಬಂತೆ. ಬೆಳವಣಿಗೆಯ ಬಗ್ಗೆ ತೀರ್ಪು ಕೊಡುತ್ತಿದ್ದವರಿಗೆ ಐವತ್ತು, ಐವತ್ತೈದು. ಸಿಟ್ಟು ಬಂದರೆ ಪೂರ್ತಿ ಇಂಗ್ಲಿಷನ್ನು ದೊಡ್ಡಕ್ಷರದಲ್ಲೇ ಬರೆಯುವವರು.

ಮಿಸ್ಟರ್ ಲಿಮ್ ಅವರ ಸೂತ್ರ ಸರಳ. "ಬೈಗುಳ ಅಳಿಸು, ಜಗಳ ಅಳಿಸಬೇಡ." ಜಗಳ ಹೆಚ್ಚಿದಷ್ಟೂ ಓದುವವರು ಹೆಚ್ಚು, ಓದುವವರು ಹೆಚ್ಚಿದಷ್ಟೂ ಜಾಹೀರಾತು ಹೆಚ್ಚು. ತಂಡ ಸೋತ ಭಾನುವಾರ ಅವರು ಎಲ್ಲರಿಗೂ ಬಾಳೆ ಎಲೆ ಊಟ ಕಟ್ಟಿಸಿ ತರಿಸುತ್ತಿದ್ದರು. ಗೆದ್ದರೆ ಬರೀ ಬಿಸ್ಕತ್ತು. ಹನ್ನೊಂದನೇ ನಂಬರು ಚೆಂಡು ಎಸೆಯಲು ಕೈ ಎತ್ತಿದಾಗ ಸುಬಾಂಗ್ ಜಯಾದಲ್ಲಿ ಒಂಬತ್ತು ಜನ ಮೀನು ಸಾರು ನೆನೆದು ಅವನ ಗುರಿ ತಪ್ಪಲಿ ಎಂದು ಹಾರೈಸುತ್ತಿದ್ದೆವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮೀನು ಸಾರು ಚೆನ್ನಾಗಿರುತ್ತಿತ್ತು.

ಆ ಎರಡನೇ ವರ್ಷದ ಸೆಪ್ಟೆಂಬರಿನಲ್ಲಿ 'ಕಿಟಕಿ ಸೀಟು' ಎಂಬ ಹೆಸರಿನ ಒಬ್ಬ ಹೊಸದಾಗಿ ಸೇರಿದ. ಆಟ ನಡೆಯುವಾಗ ಒಂದಕ್ಷರ ಬರೆಯುತ್ತಿರಲಿಲ್ಲ. ಆಟ ಮುಗಿದು ಒಂದೂವರೆ ಗಂಟೆಯ ಮೇಲೆ ಅವನ ಬರಹ ಬರುತ್ತಿತ್ತು. ಹನ್ನೊಂದನೇ ನಂಬರಿನ ತಪ್ಪುಗಳ ಪಟ್ಟಿ. ಎಡಗಾಲು ಎಲ್ಲಿಡಬೇಕಿತ್ತು, ಯಾರತ್ತ ನೋಡಬೇಕಿತ್ತು, ಎಲ್ಲಿ ಹೆದರಿದ. ಒಂದು ಬೈಗುಳವಿಲ್ಲ, ಒಂದು ಉದ್ಗಾರ ಚಿಹ್ನೆಯಿಲ್ಲ. ಹುಡುಗನ ಪರವಾಗಿ ಒಂದೇ ಒಂದು ಮಾತೂ ಇಲ್ಲ. ಹಳೇ ಬೆಂಚು, ಪ್ರೊಫೆಸರ್ ಇಬ್ಬರೂ ಅವನ ಮಾತಿಗೆ ತಲೆಬಾಗುತ್ತಿದ್ದರು.

ಇಲ್ಲಿ ನನ್ನ ಎರಡನೇ ತಪ್ಪು, ಶಾಟ್‌ಗನ್ನಿಗಿಂತ ದೊಡ್ಡದು. ವಾರಕ್ಕೊಂದು ಒಳ್ಳೆಯ ಬರಹ ಆರಿಸಿ ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಡುವ ಅಧಿಕಾರ ನನಗಿತ್ತು. ಕಿಟಕಿ ಸೀಟಿನ ಬರಹವನ್ನು ನಾಲ್ಕು ವಾರ ಮೇಲಿಟ್ಟೆ. 'ಟೀಕೆ ಮಾಡಿದರೆ ಹೀಗೆ ಮಾಡಬೇಕು' ಎಂದು ನನ್ನದೇ ಒಂದು ಸಾಲು ಸೇರಿಸಿದೆ. ಮನೆಯಲ್ಲಿ ಅನ್ವರ್ ಅವರಿಗೂ ಓದಿ ಹೇಳಿದೆ.

ಅವರು ಚಪಾತಿ ಹರಿಯುತ್ತಾ, ಸಿಟ್ಟಿಲ್ಲದಿದ್ದರೂ ಹುಬ್ಬಳ್ಳಿ ಕನ್ನಡದಲ್ಲೇ ಕೇಳಿದರು. "ಅಲ್ಲ, ಈ ಮನಷ್ಯಾಗ ಆ ಹುಡುಗನ ಮ್ಯಾಲ ಏನ್ ಸಿಟ್ಟೈತಿ?"

"ಸಿಟ್ಟೆಲ್ಲೈತ್ರಿ ಇದ್ರಾಗ. ಎಷ್ಟ್ ಶಾಂತ ಬರದಾನ ನೋಡ್ರಿ."

"ಅದಕ್ಕ ಕೇಳಿದ್ನಿ," ಎಂದರು. ನನಗೆ ಆಗ ಅರ್ಥವಾಗಲಿಲ್ಲ.

ನವೆಂಬರಿನ ಒಂದು ಭಾನುವಾರ ತಂಡ ಹೀನಾಯವಾಗಿ ಸೋತಿತು. ಬಾಳೆ ಎಲೆ ಊಟ ಬಂದಿತ್ತು. ಇನ್ನೂ ಅರ್ಧ ಊಟ ಮಾಡಿದ್ದೆ, ಕಿಟಕಿ ಸೀಟಿನ ಬರಹ ಬಂತು. ಈ ಸಲ ಉದ್ದ ಪಟ್ಟಿಯಿಲ್ಲ. ಎಡಗಾಲಿನ ಬಗ್ಗೆ ಒಂದು ಸಾಲು. ಅದರ ಕೆಳಗೆ, "ಹನ್ನೊಂದು ಇಲ್ಲದಿದ್ದರೆ ಎಲ್ಲರಿಗೂ ಹಗುರವಾಗುತ್ತದೆ. ತಂಡಕ್ಕೆ, ಮನೆಯವರಿಗೆ, ಅವನಿಗೂ."

ಹಳೇ ಬೆಂಚು ಒಪ್ಪಿಗೆಯ ಹೆಬ್ಬೆರಳು ಒತ್ತಿದ. ಪ್ರೊಫೆಸರನೂ ಒತ್ತಿದ. ಹೆಬ್ಬೆರಳುಗಳ ಸಂಖ್ಯೆ ಏರತೊಡಗಿತು. ನಾನೂ ಅದನ್ನು ಸರಿಯಿದೆ ಎಂದು ಮುಂದಕ್ಕೆ ತಳ್ಳುವುದರಲ್ಲಿದ್ದೆ, 'ಮನೆಯವರಿಗೆ' ಎಂಬ ಮಾತಿನ ಹತ್ತಿರ ಕೈ ನಿಂತಿತು. ಅಷ್ಟು ವರ್ಷದಲ್ಲಿ ಸಾವಿರಾರು ಜನ ಆಟಗಾರರನ್ನು ತಂಡದಿಂದ ಹೊರಹಾಕಿ ಎಂದಿದ್ದರು. ಹೊರಹಾಕಿದರೆ ಅವರ ಮನೆಯವರಿಗೆ ಹಗುರವಾಗುತ್ತದೆ ಎಂದವರು ಒಬ್ಬರೂ ಇರಲಿಲ್ಲ.

ಬರೆದವರು ತಿದ್ದುಪಡಿ ಮಾಡಿದರೆ ಹಳೆಯ ರೂಪವೂ ನಮ್ಮ ಬಳಿ ಉಳಿದಿರುತ್ತದೆ. ತೆಗೆದು ನೋಡಿದೆ. ಈಗ ತೆರೆಯ ಮೇಲೆ ಇದ್ದುದು "ಅವನ ಎಡಗಾಲು ಮತ್ತೆ ತಡವಾಯಿತು" ಎಂದು. ಒಂದು ನಿಮಿಷದ ಹಿಂದೆ ಇದ್ದುದು "ನನ್ನ ಎಡಗಾಲು ಮತ್ತೆ ತಡವಾಯಿತು" ಎಂದು.

ಸೆಲ್ವಿಯನ್ನು ಕರೆದೆ. ಅವಳು ಎರಡು ಸಲ ಓದಿದಳು. "ಅಕ್ಕಾ, ಇದು ಹನ್ನೊಂದನೇ ನಂಬರಿನವನೇ," ಎಂದಳು. ನನ್ನ ಬೆರಳಿಗೆ ಅನ್ನ ಅಂಟಿತ್ತು. ಹಾಗೇ ಎದ್ದು ಲಿಮ್ ಅವರ ಕೋಣೆಗೆ ಹೋದೆ.

ಲಿಮ್ ಕೈಪಿಡಿ ತೆಗೆದರು. ಬರೆದವರ ಜೀವಕ್ಕೆ ಅಪಾಯವೆನಿಸಿದರೆ ತುಂಬಬೇಕಾದ ನಮೂನೆ ಇತ್ತು. ಅದರ ಮೊದಲ ಪ್ರಶ್ನೆ, 'ಆಕ್ಷೇಪಾರ್ಹ ಪದ ಯಾವುದು?' ಆಕ್ಷೇಪಾರ್ಹ ಪದವೇ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟರೆ ನಮೂನೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ಏನಂತ ತುಂಬಲಿ ಸರ್?"

"'ಹಗುರ' ಅಂತ ತುಂಬು," ಎಂದರು. ತುಂಬಿದೆ. ಆ ಪದ ನಮ್ಮ ಪಟ್ಟಿಯಲ್ಲಿಲ್ಲ ಎಂದು ಕಂಪ್ಯೂಟರು ಉತ್ತರಿಸಿತು.

ಲಿಮ್ ಅಮೆರಿಕದ ಕಚೇರಿಗೆ ಫೋನು ಮಾಡಿದರು. ಸುರಕ್ಷತೆಯ ವಿಭಾಗಕ್ಕೆ ಒಂದನ್ನು ಒತ್ತಿ ಎಂದಿತು. ಒತ್ತಿದರೆ ಸಂಗೀತ ಶುರುವಾಯಿತು. ನಾಲ್ಕೈದು ನಿಮಿಷ ಕೇಳಿ ಇಟ್ಟುಬಿಟ್ಟರು. ಮತ್ತೆ ಹಚ್ಚಿ, ಕಾನೂನು ವಿಭಾಗದ ಗುಂಡಿ ಒತ್ತಿ, "ನಿಮ್ಮ ಮೇಲೆ ಕೇಸು ಬೀಳೋ ವಿಷಯ ಇದೆ" ಎಂದರು. ಆ ಕಡೆ ರಾತ್ರಿಯಾಗಿದ್ದರೂ ಎರಡನೇ ರಿಂಗಿಗೇ ಮನುಷ್ಯ ದನಿ ಬಂತು. ಫೋನನ್ನು ಕೈಯಿಂದ ಮುಚ್ಚಿ ನನ್ನ ಕಡೆ ನೋಡಿದರು. "ನೀನು ಹೋಗಿ ಅವನ ಹತ್ರ ಮಾತಾಡು. ನಾನು ನೋಡ್ಲಿಲ್ಲ."

ಬರೆಯುವವರಿಗೆ ನಾವು ಖಾಸಗಿಯಾಗಿ ಏನನ್ನೂ ಹೇಳುವಂತಿರಲಿಲ್ಲ. ಕಳಿಸಬಹುದಾಗಿದ್ದುದು ಒಂದೇ ಪತ್ರ, ತಲೆಬರಹ 'ನಿಮ್ಮ ಬರಹದ ಬಗ್ಗೆ ಎಚ್ಚರಿಕೆ'. ಅದರ ಕೆಳಗೆ ಬರೆಯಲು ನಾಲ್ಕು ಸಾಲಿನ ಜಾಗ. ಏನು ಬರೆಯುವುದು? ಎರಡು ಸಲ ಬರೆದು ಅಳಿಸಿದೆ. ಈ ದೇಶದಲ್ಲಿ ಎದುರು ಸಿಕ್ಕವರನ್ನು ಮೊದಲು ಕೇಳುವುದು ಊಟ ಆಯ್ತಾ ಎಂದು. ನಮ್ಮ ಕಡೆಯೂ ಅದೇ. ಎಚ್ಚರಿಕೆ ಎಂಬ ತಲೆಬರಹದ ಕೆಳಗೆ "ಊಟ ಮಾಡಿದೆಯಾ?" ಎಂದು ಬರೆದು ಕಳಿಸಿದೆ.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. "ಯಾರಿದು?"

"ನಾನು ಜುಬೇದಾ. ಮಲೇಶಿಯಾದಲ್ಲಿ ಕೂತಿದ್ದೇನೆ. ನಿನ್ನ ಬರಹ ಓದುವುದು ನನ್ನ ಕೆಲಸ. ಎಡಗಾಲು ಯಾರದೆಂದು ನನಗೆ ಗೊತ್ತಾಗಿದೆ."

ಸೆಲ್ವಿ ನನ್ನ ಭುಜ ಹಿಡಿದುಕೊಂಡು ನಿಂತಿದ್ದಳು. ಆಮೇಲೆ, "ಊಟ ಸೇರುತ್ತಿಲ್ಲ" ಎಂದು ಬಂತು.

"ಹತ್ತಿರ ಯಾರಿದ್ದಾರೆ?"

"ರೂಮ್‌ಮೇಟ್. ಮಲಗಿದ್ದಾನೆ."

"ಎಬ್ಬಿಸು."

"ಅವನಿಗೆ ಬೆಳಗ್ಗೆ ಪ್ರಾಕ್ಟೀಸ್ ಇದೆ. ನಿದ್ದೆ ಬೇಕು."

ಇಡೀ ಅಮೆರಿಕ ಈ ಹುಡುಗನಿಗೆ ತಂಡದ ಬಗ್ಗೆ ಕಾಳಜಿಯಿಲ್ಲ ಎಂದು ಮೂರು ತಿಂಗಳಿಂದ ಬರೆಯುತ್ತಿತ್ತು. "ನಿದ್ದೆ ನಾಳೆಯೂ ಮಾಡಬಹುದು. ಎಬ್ಬಿಸಿ, ನಾನು ಹೇಳಿದೆ ಅಂತ ಹೇಳು," ಎಂದು ಬರೆದೆ. ಯಾರು ಹೇಳಿದರೆಂದು ಆ ರೂಮ್‌ಮೇಟ್‌ಗೆ ಏನು ಅರ್ಥವಾದೀತು ಎಂದು ಆಮೇಲೆ ಹೊಳೆಯಿತು. ಹದಿನೈದು ನಿಮಿಷದ ಮೇಲೆ ಬೇರೆಯೇ ಬೆರಳುಗಳು ಒಂದು ಸಾಲು ಕಳಿಸಿದವು. "ಮೇಡಂ, ನಾನು ಅವನ ರೂಮ್‌ಮೇಟ್. ಎದ್ದಿದ್ದೇನೆ. ಬಾಗಿಲಲ್ಲಿ ತಂಡದ ಡಾಕ್ಟರ್ ನಿಂತಿದ್ದಾರೆ." ಲಿಮ್ ಅವರ ಫೋನು ಕೆಲಸ ಮಾಡಿತ್ತು. ನಾನು ಬಚ್ಚಲಿಗೆ ಹೋಗಿ ಕೈ ತೊಳೆದು, ಅಲ್ಲೇ ಸ್ವಲ್ಪ ಹೊತ್ತು ಅತ್ತೆ. ಅವನ ಬರಹವನ್ನು ನಾಲ್ಕು ವಾರ ಎಲ್ಲರಿಗಿಂತ ಮೇಲೆ ಇಟ್ಟವಳು ನಾನೇ ತಾನೆ.

ಮುಂದಿನ ವಾರ ನನಗೆ ಜ್ಞಾಪನ ಪತ್ರ ಬಂತು. ಅಪರಾಧ, ಎಚ್ಚರಿಕೆಯ ನಮೂನೆಯಲ್ಲಿ ಎಚ್ಚರಿಕೆಯಲ್ಲದ ವಿಷಯ ಬರೆದದ್ದು. ಸಹಿ ಹಾಕಿದವರು ಲಿಮ್. ಕೊಡುವಾಗ, "ಇಂಗ್ಲಿಷ್ ಚೆನ್ನಾಗಿದೆ ಅಲ್ವಾ? ನಾನೇ ಬರೆದಿದ್ದು ಲಾ," ಎಂದರು. ಅಂದಿನಿಂದ ಸೋತ ಭಾನುವಾರಗಳ ಊಟವನ್ನು ಅವರು ಸುಮ್ಮನೆ ನಿಲ್ಲಿಸಿದರು. ಗೆದ್ದರೂ ಸೋತರೂ ಬಿಸ್ಕತ್ತು.

ಹನ್ನೊಂದನೇ ನಂಬರು ಉಳಿದ ಆಟಗಳನ್ನು ಆಡಲಿಲ್ಲ. 'ವೈಯಕ್ತಿಕ ಕಾರಣ' ಎಂದು ತಂಡ ಪ್ರಕಟಿಸಿತು. ಕಟ್ಟೆಯಲ್ಲಿ ಮೊಣಕಾಲು ನೋವು, ಪ್ರೇಮ ವೈಫಲ್ಯ, ಬೇರೆ ಕಾಲೇಜಿನ ಆಮಿಷ ಎಂದು ಮೂರು ಸಿದ್ಧಾಂತಗಳು ಹುಟ್ಟಿದವು. ಮೂರನ್ನೂ ದಿನವಿಡೀ ಓದುತ್ತಾ ತುಟಿ ಬಿಗಿಹಿಡಿದು ಕೂತೆ. ಚಳಿಗಾಲ ಮುಗಿಯುವಾಗ ಕಿಟಕಿ ಸೀಟು ತನ್ನ ಖಾತೆ ಮುಚ್ಚಿದ. ಮುಚ್ಚುವವರು ಒಂದು ಕಾರಣ ಆರಿಸಬೇಕು. ಅವನು ಆರಿಸಿದ್ದು 'ಈ ವಿಷಯದಲ್ಲಿ ಈಗ ಆಸಕ್ತಿ ಇಲ್ಲ'. ಅದನ್ನು ಓದಿದ ದಿನ ಸೆಲ್ವಿಗೂ ನನಗೂ ಹಬ್ಬದ ಖುಷಿ. ಅವನು ಊರ ಹತ್ತಿರದ ಸಣ್ಣ ಕಾಲೇಜಿಗೆ ಸೇರಿದ, ಆಡುತ್ತಿಲ್ಲ, ಓದುತ್ತಿದ್ದಾನೆ ಎಂದು ಆಮೇಲೆ ಸುದ್ದಿ ಬಂತು. ತಂಡಕ್ಕೆ ಹದಿನೆಂಟರ ಹೊಸ ಕ್ವಾರ್ಟರ್‌ಬ್ಯಾಕ್ ಬಂದ. ಅವನ ಬೆಳವಣಿಗೆಯ ಮೇಲೆ ಕೋಷ್ಟಕಗಳು ಶುರುವಾದವು.

ಒಂದು ದಿನ ಹಳೇ ಬೆಂಚು ಕೇಳಿದ. "ಆ ಕಿಟಕಿ ಸೀಟು ಎಲ್ಲಿ ಹೋದ? ಹನ್ನೊಂದನೇ ನಂಬರಿನ ಹುಡುಗನನ್ನು ಸರಿಯಾಗಿ ಅರ್ಥ ಮಾಡಿಕೊಂಡವನು ಅವನೊಬ್ಬನೇ." ಪ್ರೊಫೆಸರ್ ತಕ್ಷಣ ಒಪ್ಪಿದ. ಆ ಇಬ್ಬರೂ ಒಪ್ಪಿದ್ದನ್ನು ನಾನು ಕಂಡದ್ದು ಅಪರೂಪ. ನಿಯಮ ಮೀರಿದ್ದು ಏನೂ ಇರಲಿಲ್ಲ, ಹಾಗೇ ಬಿಟ್ಟೆ.

ನನ್ನ ಕೊನೆಯ ವರ್ಷ ಯಂತ್ರ ಬಂತು. ನಾವು ಮಾಡುತ್ತಿದ್ದ ಕೆಲಸವನ್ನು ಅದು ಕಲಿಯಬೇಕು, ಅದಕ್ಕೆ ನಾವೇ ಹಳೆಯ ಬರಹಗಳ ಮೇಲೆ 'ಇರಲಿ' ಅಥವಾ 'ಅಳಿಸು' ಎಂದು ಗುರುತು ಹಾಕಿ ತಿನ್ನಿಸಬೇಕು. ಯಂತ್ರ ಜಾಣ. ನನಗೆ ತಿಂಗಳುಗಟ್ಟಲೆ ಹಿಡಿದ ಶಾಟ್‌ಗನ್ನು ಅದಕ್ಕೆ ಒಂದೇ ಮಧ್ಯಾಹ್ನದಲ್ಲಿ ಅರ್ಥವಾಯಿತು. ನನ್ನ ಪಾಲಿನ ಕೊನೆಯ ಕಟ್ಟಿನಲ್ಲಿ ಕಿಟಕಿ ಸೀಟಿನ ಬರಹಗಳು ಬಂದವು. ಯಂತ್ರ ಮೊದಲೇ ತನ್ನ ಊಹೆ ಹಾಕಿತ್ತು, 'ಇರಲಿ, ಉತ್ತಮ ಗುಣಮಟ್ಟ'. ತಪ್ಪು ಎನ್ನಲು ನನಗೆ ಬಾಯಿಲ್ಲ, ಅದು ನನ್ನಿಂದಲೇ ಕಲಿತದ್ದು. ಅಳಿಸು ಎನ್ನಲೂ ಮನಸ್ಸಾಗಲಿಲ್ಲ. ಮೂರನೇ ಗುಂಡಿ ಇರಲಿಲ್ಲ.

ಬಲಗಡೆಯ ತುದಿಯಲ್ಲಿ ಷರಾ ಬರೆಯಲು ಒಂದು ಕಾಲಂ ಇತ್ತು. ಹತ್ತು ಬರಹಗಳ ಎದುರಿಗೂ ಒಂದೇ ಷರಾ ಬರೆದೆ, 'ಇದನ್ನು ಬರೆದವರ ಜೊತೆ ಮಾತಾಡಿ'.

ಸೆಲ್ವಿ ಹಿಂದಿನಿಂದ ಇಣುಕಿದಳು. "ಅಕ್ಕಾ, ಆ ಕಾಲಂ ಯಂತ್ರ ಓದಲ್ಲ."

"ಗೊತ್ತು. ನೀನು ಓದ್ತೀಯಲ್ಲ."

ಅವಳು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಮೊದಲನೆಯದರಿಂದ ಓದತೊಡಗಿದಳು.